ಸಂಕ್ರಾಂತಿ ಮೊಲದ ಜಾಡು

ಹಳ್ಳದ ಮರಳಿನಲ್ಲಿ ಹೊಸ ಹೆಜ್ಜೆ ಕಂಡದ್ದೇ ತಡ, ಕದಿರಮ್ಮ ಅದರ ಮೇಲೆ ಕಾಲಾಡಿಸಿ ಅಳಿಸಿಬಿಟ್ಟಳು.

"ಅಲ್ಲೇನವ್ವ?" ಹಿಂದಿನಿಂದ ಭಾವ ಸೂರಪ್ಪನ ದನಿ.

"ಏನಿಲ್ಲ ಭಾವ. ಮುಳ್ಳು ತುಳಿದೆ."

ಸೂರಪ್ಪ ನಂಬಲಿಲ್ಲ. ಅಷ್ಟು ಸುಲಭಕ್ಕೆ ನಂಬುವ ಆಸಾಮಿಯೂ ಅವನಲ್ಲ.

ಆಂಧ್ರದ ಗಡಿಯಲ್ಲಿ, ಅಗಳಿ ಕಡೆಯ ಆ ಊರಿನಲ್ಲಿ ಸಂಕ್ರಾಂತಿಗೆ ಜೀವಂತ ಮೊಲ ಹಿಡಿದು ತರಬೇಕು. ಕಿವಿಗೆ ಓಲೆ ಇಟ್ಟು, ದೇವರ ಮುಂದೆ ಆರತಿ ಎತ್ತಿ, ಮತ್ತೆ ಬಿಟ್ಟುಬಿಡಬೇಕು. ಅಷ್ಟಾಗುವ ತನಕ ಯಾರೂ ಮದುವೆಯ ಮಾತೆತ್ತುವಂತಿಲ್ಲ. ಬಲೆ ಗಂಡಸರದು. ಜಾಡು ಮಾತ್ರ ಕದಿರಮ್ಮನದು. ಅವಳಪ್ಪ ಬೇಟೆಗಾರ; ಮೊಲವನ್ನು ಅವಳಷ್ಟು ಬಲ್ಲವರು ಸುತ್ತ ನಾಲ್ಕೂರಲ್ಲಿ ಇರಲಿಲ್ಲ.

ಈ ಸಲ ಮೊಲ ಸಿಕ್ಕಿದ್ದೇ, ಸೂರಪ್ಪ ಅವಳ ಮಗಳನ್ನು ತನ್ನ ಬೀಗರ ಪೈಕಿ ನಲವತ್ತು ದಾಟಿದ ಎರಡನೇ ಸಂಬಂಧದವನಿಗೆ ಗಂಟು ಹಾಕುವವನಿದ್ದ. ರಮ್ಯಶ್ರೀಗೆ ಹತ್ತೊಂಬತ್ತು. ರಾಯದುರ್ಗದಲ್ಲಿ ಈರಕ್ಕ ಎಂಬಾಕೆಯ ಬಳಿ ಜೀನ್ಸ್ ಪ್ಯಾಂಟು ಹೊಲಿದು ತನ್ನ ಅನ್ನ ತಾನು ದುಡಿಯುತ್ತಿದ್ದವಳು. ಹಬ್ಬಕ್ಕೆಂದು ಬಂದಳು, ಸಿಕ್ಕಿಬಿದ್ದಳು. ಕದಿರಮ್ಮನ ಗಂಡನಾದ ತನ್ನ ತಮ್ಮ ಸತ್ತ ಮೇಲೆ ಆ ಮನೆಗೂ ತಾನೇ ಯಜಮಾನ ಎಂದು ಸೂರಪ್ಪ ಅವಳನ್ನು ಕರೆದೊಯ್ದು ತನ್ನ ಕೋಣೆಯಲ್ಲಿ ಕೂಡಿಹಾಕಿದ. ಮೂರು ದಿನದಿಂದ ತಾಯಿ ಮಗಳನ್ನು ಒಂದು ಮಾತಾಡಲೂ ಬಿಟ್ಟಿರಲಿಲ್ಲ. ಎಂಥ ದೊಡ್ಡಪ್ಪನೋ, ಅವನ ಮನೆ ಹಾಳಾಗ!

"ಮೊಲ ತಪ್ಪಿಸೋಕೆ ನೋಡ್ಬೇಡ," ಎಂದ ಸೂರಪ್ಪ, ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ತಟ್ಟಿ ತೋರಿಸಿ. "ಇವತ್ತಲ್ಲದಿದ್ರೆ ನಾಳೆ ಸಿಕ್ಕೇ ಸಿಗ್ತದೆ. ಹುಡುಗಿ ಒಳಗೈತೆ, ಕೈ ಇಲ್ಲೈತೆ."

ತೊಗರಿ ಹೊಲ ಬಂತು. ಅದರಾಚೆ ಗುಡ್ಡ, ಗುಡ್ಡ ಇಳಿದರೆ ಕರ್ನಾಟಕದ ಬಸ್ಸು. ಕದಿರಮ್ಮನ ಮನೆಯ ನಾಯಿ ಬಾಲ ಅಲ್ಲಾಡಿಸಿಕೊಂಡು ತೊಗರಿ ಸಾಲಿನೊಳಗೆ ನುಗ್ಗಿತು. ಅವಳು ಮಣ್ಣಿನ ಹೆಂಟೆ ಎತ್ತಿ ಬೀಸಿದಳು. ನಾಯಿ ಕುಂಯ್ಗುಟ್ಟಿ ಹಿಂದಕ್ಕೆ ಬಂತು. ಆಮೇಲೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತು ಊರಿಗೆಲ್ಲ ಕೇಳುವಂತೆ ಗಂಟಲು ಬಿಚ್ಚಿದಳು.

"ಕೇಳ್ರಪ್ಪ! ಮೊಲಕ್ಕೆ ಬಿಲ ಇಲ್ಲ, ಬಯಲೇ ಮನೆ. ಜನ ಬಂದ್ರೆ ಎದ್ದು ಓಡಲ್ಲ. ಕಿವಿ ಬೆನ್ನಿಗೆ ಅಂಟಿಸ್ಕೊಂಡು ಮಣ್ಣಿಗೆ ಮಣ್ಣಾಗಿ ಮಲಗುತ್ತೆ. ಪಕ್ಕದಲ್ಲೇ ಹೆಜ್ಜೆ ಬಿದ್ರೂ ಮಿಸುಕಲ್ಲ!"

ಹಿರಿಯ ಬಲೆಗಾರ ದೊಡ್ಡತಿಮ್ಮಪ್ಪ ಮುಖ ಸಿಂಡರಿಸಿದ. "ಮೆತ್ತಗೆ ಮಾತಾಡವ್ವ. ಇದ್ದಬದ್ದ ಮೊಲ ಎಲ್ಲ ಓಡೋಗ್ತವೆ."

"ಓಡಲ್ಲ ಕಣಣ್ಣ. ಜನ ದೂರ ಹೋಗೋ ಗಂಟ ಕಾಯುತ್ತೆ. ಆಮೇಲೂ ದಾರಿ ತುಳಿಯಲ್ಲ, ಹಳ್ಳ ಹಿಡಿದು ಗುಡ್ಡ ಹತ್ತುತ್ತೆ. ಹಿಂಗಾಲು ಉದ್ದ, ಏರು ಅದಕ್ಕೆ ಸಲೀಸು. ನೀರು ಸಿಗದಿದ್ರೂ ಸಾಯಲ್ಲ, ಹಸಿ ಸೊಪ್ಪು ಕಡಿದು ಬದುಕುತ್ತೆ!" ಅವಳ ದನಿ ಒಡೆಯಿತು. "ತಾಯಿ ಮಾತ್ರ ಮರಿ ಹತ್ರ ಹೋಗಲ್ಲ. ಹೋದ್ರೆ ನರಿಗೆ ಜಾಡು ಸಿಗುತ್ತೆ."

ಸೂರಪ್ಪ ರೇಗಿದ. "ನಿನ್ನ ಪುರಾಣ ಸಾಕು. ಮೊಲ ಎಲ್ಲೈತೆ ಹೇಳು."

ಅವಳು ಗುಡ್ಡಕ್ಕೆ ಬೆನ್ನು ಹಾಕಿ, ದೂರದ ಬೀಳು ನೆಲದ ಕಡೆ ಕೈ ತೋರಿಸಿದಳು. ಅಲ್ಲಿರುವುದು ಕಲ್ಲು, ಬಂದರೆ ಗಿಡದ ಕುರುಚಲು, ನೆತ್ತಿ ಸುಡುವ ಬಿಸಿಲು. ಬೇಕೆಂದೇ ಅಲೆಸುತ್ತಿದ್ದಾಳೆ ಎಂದು ಸೂರಪ್ಪ ಹಲ್ಲು ಕಡಿದ. ಆದರೆ ಹೊತ್ತು ಇಳಿಯುವಷ್ಟರಲ್ಲಿ, ಅವಳು ಹೇಳಿದ ಜಾಗದಲ್ಲೇ, ದಪ್ಪನೆಯ ಮೊಲವೊಂದು ಬಲೆಗೆ ಬಿದ್ದಿತು.

"ಸೋತೆಯಲ್ಲವ್ವ!" ಸೂರಪ್ಪ ಗಹಗಹಿಸಿ ನಕ್ಕ.

ಸಂಜೆ ಓಲೆ ಇಟ್ಟರು, ಆರತಿ ಎತ್ತಿದರು. ಕೈಬಿಟ್ಟೊಡನೆ ಮೊಲ ಅಂಕುಡೊಂಕಾಗಿ ಹಾರಿ ಬೇಲಿ ದಾಟಿತು. ಜನ ಕೇಕೆ ಹಾಕಿದರು. ಸೂರಪ್ಪ ಮೀಸೆ ತಿರುವುತ್ತ ಗಂಡಿನವರನ್ನು ಮನೆಗೆ ಕರೆದೊಯ್ದು ಕೋಣೆಯ ಬೀಗ ತೆಗೆದ.

ಕೋಣೆ ಖಾಲಿ. ಮಾಳಿಗೆಯ ಬೆಳಕಿಂಡಿಯ ಕೆಳಗೆ ರಾಗಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಲಾಗಿತ್ತು.

"ಎಲ್ಲಿ ನಿನ್ನ ಮಗಳು?" ಸೂರಪ್ಪ ಹಿಂದೆಯೇ ಬಂದಿದ್ದ ಕದಿರಮ್ಮನ ಕಡೆ ತಿರುಗಿದ.

ಅಷ್ಟರಲ್ಲಿ ಕದಿರಮ್ಮನ ಫೋನು ಬಡಿದುಕೊಂಡಿತು. ಅವಳು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ರಮ್ಯಶ್ರೀ ಈಗ ಬಂದಾಳ್ರಿ," ಎಂದಳು ಈರಕ್ಕ. "ಸಿರಾದಾಗ ಬಸ್ ಹತ್ತಿದ್ಳಂತ. ಮೈತುಂಬ ಕೆಮ್ಮಣ್ಣು. ಇನ್ನ ಚಿಂತಿ ಮಾಡಬ್ಯಾಡ್ರಿ."

"ತಗಳ್ಳಿ ಭಾವ, ನೀವೇ ಮಾತಾಡಿ." ಕದಿರಮ್ಮ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು.

ಬೆಳಗಿನ ಜಾವವೇ ಬೆಳಕಿಂಡಿಯಿಂದ ಪಾರಾಗಿದ್ದ ರಮ್ಯಶ್ರೀ, ಹಳ್ಳದ ಮರಳು ದಾಟಿ, ಬೇಟೆಯ ಜನ ಬರುವುದು ಕಂಡು ತೊಗರಿ ಸಾಲಿನಲ್ಲಿ ಬೋರಲು ಮಲಗಿದವಳು, ಅವ್ವ ಕೂಗಿ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.