ಸಂಗಪ್ಪನ ಕೊನೆಯ ನಡಿಗೆ

ಊರು ಕಟ್ಟುವುದನ್ನು ಹೊಸ ಮೇಯರ್‌ಗಳು ಸತ್ತವರಿಂದಲೇ ಕಲಿಯಬೇಕೆಂಬ ಕಾನೂನು ಹಳೆಯದಾಗಿತ್ತು. ಕೆಟ್ಟ ರಸ್ತೆಗೆ ಬಲಿಯಾದವರ ಕೊನೆಯ ನಡಿಗೆಯನ್ನು ಅಂಗಿಯಂತೆ ತೊಟ್ಟು ನಡೆಯಬೇಕು. ಸತ್ತವರ ಮನೆಯವರು ಜೊತೆಗಿರಬೇಕು.

ನೀಲವ್ವ ಎಂದಿನಂತೆ ವಿಭೂತಿ ಧರಿಸಿ ಬಂದಿದ್ದಳು. ತರುಣ ಮೇಯರ್ ಬಾಯಿಂದ ಅವಳ ಗಂಡ ಸಂಗಪ್ಪನ ದನಿ ಹೊರಟಿತು: "ನೀಲಾ, ಎಷ್ಟೊತ್ತ ಸೀರಿ ಉಡ್ತೀ? ನೀರು ಮೊಣಕಾಲಿಗೆ ಬಂದೈತಿ. ನಾ ಮುಂದ ನಡೀತೀನಿ, ಹಿಂದ ಬಾ."

ನಾಲ್ಕು ಹೆಜ್ಜೆಗೆ ಚರಂಡಿ. ಅಂದು ಮಳೆನೀರು ಅದನ್ನು ಮರೆಮಾಡಿತ್ತು. ದನಿ ನಿಂತಿತು.

ವರ್ಷಕ್ಕೊಬ್ಬರಂತೆ ಹಿಂದಿನ ಹನ್ನೊಂದು ಮಂದಿ ಮೇಯರ್‌ಗಳು ಇಲ್ಲಿ ಅತ್ತು, ಚಹಾ ಕುಡಿದು ಹೋಗಿದ್ದರು. ಈತ ಹೇಳಿದ: "ಅವ್ವಾ, ನಾಳೇನ ಚಪ್ಪಡಿ ಹಾಕಸ್ತೀನಿ. ಆದ್ರ ನೀವು ಹೂಂ ಅನಬೇಕು."

ತಪ್ಪು ತಿದ್ದಿದ ದಿನ ಆ ನಡಿಗೆಯನ್ನು ಅಳಿಸುತ್ತಾರೆ; ಅದಕ್ಕೇ ಮನೆಯವರ ಒಪ್ಪಿಗೆ ಬೇಕು. ಸಂಗಪ್ಪನ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಹನ್ನೊಂದು ವರ್ಷ ಅವಳು ದೇವರಲ್ಲಿ ಬೇಡಿದ್ದು, ಈ ಚರಂಡಿ ಮುಚ್ಚದಿರಲೆಂದು. ಹೋದ ಮಳೆಗಾಲದಲ್ಲಿ ಕೂಸೊಂದು ಅದರಲ್ಲಿ ಕೊಚ್ಚಿಹೋದ ಮೇಲೂ ಹಾಗೆಯೇ ಬೇಡಿದ್ದಳು.

"ಹೂಂ, ಮುಚ್ಚಪಾ," ಎಂದಳು. "ಅದಕ್ಕೂ ಮೊದಲ ಇನ್ನೊಂದ್ಸಲ ನಡಿ."

"ನೀಲಾ, ಎಷ್ಟೊತ್ತ ಸೀರಿ ಉಡ್ತೀ?"

"ಬಂದ್ನಿ," ಎಂದಳು ನೀಲವ್ವ. "ಸಾವಕಾಶ ನಡೀರಿ."