ಕೊನೆಯ ಸಾಲಿನ ನಗು

"ಅಮ್ಮಾ, ಸ್ಕೂಲ್ ಡೇ ನಾಟಕದಲ್ಲಿ ನಾನೇ ಮರೆಗುಳಿ ಮಾವ! ಪಂಚೆ, ಮೀಸೆ ಎಲ್ಲಾ ಇದೆ!"

ಬ್ಯಾಗ್ ಕೂಡ ಇಳಿಸದೆ ಇಂಚರ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಲೇ ಕುಲುಕುಲು ನಕ್ಕಳು...

"ಶ್ಶ್..." ಎಂದಳು ಸುಗುಣ. ಎದ್ದು ಹೋಗಿ ಮೊದಲು ಬೀದಿ ಕಡೆಯ ಕಿಟಕಿ ಮುಚ್ಚಿದಳು.

ಗಂಡ ಗಿರಿಧರ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ವರ್ಷಾಬ್ದಿಕ ಕಳೆಯುವ ತನಕ ಆ ಮನೆಯಲ್ಲಿ ಹಬ್ಬವಿಲ್ಲ, ಒಬ್ಬಟ್ಟಿಲ್ಲ, ಬಾಗಿಲಿಗೆ ತೋರಣವಿಲ್ಲ.

ನಗಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ... ಅದನ್ನು ಸುಗುಣಳೇ ಸೇರಿಸಿಕೊಂಡಿದ್ದಳು.

"ಈ ವರ್ಷ ಬೇಡ ಪುಟ್ಟಿ. ಅಪ್ಪ ಹೋಗಿ ಇನ್ನೂ... ನೋಡಿದವರು ಏನಂತಾರೆ?"

ಇಂಚರ ಅಳಲಿಲ್ಲ, ಹಟ ಮಾಡಲಿಲ್ಲ. "ಸರಿ" ಎಂದು ಶೂ ಬಿಚ್ಚಿಟ್ಟು ಒಳಗೆ ಹೋದಳು. ಏಳು ವರ್ಷದ ಮಗು ಅಷ್ಟು ಬೇಗ "ಸರಿ" ಅನ್ನುವುದನ್ನು ಕಲಿತುಬಿಟ್ಟಿತ್ತು...

ಸುಗುಣ ಟೀಚರ್‌ಗೆ ಮೆಸೇಜ್ ಟೈಪ್ ಮಾಡಿದಳು. "ಕ್ಷಮಿಸಿ ಮಿಸ್, ಇಂಚರ ಈ ಸಲ ನಾಟಕದಲ್ಲಿ ಇರುವುದಿಲ್ಲ." ಎರಡು ಸಲ ಓದಿದಳು. ಇನ್ನೇನು ಕಳಿಸಬೇಕು...

"ಸುಗುಣಾ, ಆ ಪೆನ್‌ಡ್ರೈವ್ ಟಿವಿಗೆ ಹಾಕೇ!" ಹಾಲ್‌ನಿಂದ ತಾಯಿ ತುಂಗಮ್ಮ ಕೂಗಿದರು.

ಅಳಿಯ ಹೋದ ಮೇಲೆ ಮಗಳ ಜೊತೆಗಿರಲು ಬಂದವರು ಅವರು. ಸುಗುಣ ನಾಲ್ಕು ವರ್ಷದವಳಿದ್ದಾಗಲೇ ತಾವೂ ಗಂಡನನ್ನು ಕಳೆದುಕೊಂಡವರು.

ಆ ಪೆನ್‌ಡ್ರೈವ್‌ನಲ್ಲಿದ್ದದ್ದು ಒಂದು ಹಳೇ ಧಾರಾವಾಹಿಯ ಒಂದೇ ಒಂದು ಕಂತು. ಟಿವಿಗೆ ಹಾಸ್ಯ ಕಾರ್ಯಕ್ರಮ ಮಾಡುವ ತಂಡವೊಂದರ ಕಥೆ... ಊರನ್ನೆಲ್ಲ ನಗಿಸುವವರ ಜಗಳ, ಕಷ್ಟ, ಕಣ್ಣೀರು.

ಹಿಂದೆ ಯಾರೋ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದ ಕ್ಯಾಸೆಟ್‌ನಲ್ಲಿ ಇದ್ದದ್ದು ಅದು. ಹಾಳಾಗುವ ಮೊದಲು ಸುಗುಣಳೇ ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಿದ್ದಳು. ಅಮ್ಮ ಅದನ್ನು ಎಷ್ಟು ಸಲ ನೋಡಿದ್ದರೋ, ದೇವರೇ ಬಲ್ಲ!

"ಮತ್ತೆ ಅದೇನಾ? ಆ ಹೀರೋ ಮೇಲೆ ನಿಂಗ್ಯಾಕಮ್ಮ ಅಷ್ಟು ಪ್ರೀತಿ?"

"ಅವನ ಮುಖಕ್ಕಿಷ್ಟು! ಹಾಕು ಅಂದ್ರೆ ಹಾಕು. ಇವತ್ತು ನೀನೂ ಇಲ್ಲೇ ಕೂತ್ಕೋ."

ಪರದೆಯ ಮೇಲೆ ಗೆರೆಗಳು ಓಡಿದವು. ವಯಸ್ಸಾದ ಹಾಸ್ಯನಟನೊಬ್ಬ ವೇದಿಕೆಗೆ ಬಂದ. ಬಾಯಿ ತೆರೆದ... ಮಾತು ಮರೆತುಹೋಗಿತ್ತು.

ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅಂಟಿಸಿದ್ದ ಮೀಸೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು. ಆತನ ಕಣ್ಣು ತುಂಬಿತ್ತು.

ಆಗ ಕತ್ತಲಾಗಿದ್ದ ಕೊನೆಯ ಸಾಲಿನಿಂದ ಒಂದು ಮಗುವಿನ ನಗು... ಅದರ ಬೆನ್ನಿಗೇ, ಎಷ್ಟೋ ದಿನ ತಡೆದಿಟ್ಟಿದ್ದು ಒಡೆದ ಹಾಗೆ, ಒಂದು ಹೆಣ್ಣಿನ ನಗು.

ಹಾಸ್ಯನಟ ತಲೆಯೆತ್ತಿದ. ಮೀಸೆ ಸರಿಮಾಡಿಕೊಂಡ. ನಗು ಬಂದ ಕಡೆಗೆ ಕೈಮುಗಿದು, ಮಾತು ಶುರುಮಾಡಿದ.

ತುಂಗಮ್ಮ ಅಲ್ಲಿಗೇ ನಿಲ್ಲಿಸಿದರು. "ಆ ನಗು ಯಾರದ್ದು ಹೇಳು?"

"ಯಾವುದೋ ಮಗು."

"ನೀನು ಕಣೇ. ನಿನ್ನ ಬೆನ್ನಿಗೇ ನಕ್ಕಿದ್ದು ನಾನು."

ಸುಗುಣ ಟಿವಿ ಹತ್ತಿರಕ್ಕೆ ಸರಿದು ಕೂತಳು...

"ನಮ್ಮ ವಠಾರದಲ್ಲಿ ಪರಮೇಶಣ್ಣ ಅಂತಿದ್ದ, ಸ್ಟುಡಿಯೋದಲ್ಲಿ ಲೈಟ್ ಕೆಲಸ. ಪ್ರೇಕ್ಷಕರಾಗಿ ಕೂರೋಕೆ ಜನ ಬೇಕು ಅಂತ ಎಲ್ಲರನ್ನೂ ಕರ್ಕೊಂಡು ಹೊರಟ. ನಿಮ್ಮಪ್ಪ ಹೋಗಿ ಇನ್ನೂ ವರ್ಷ ಆಗಿರ್ಲಿಲ್ಲ, ನಾನು ಬರಲ್ಲ ಅಂದೆ. 'ಹಿಂದಿನ ಸಾಲಿಗೆ ಕ್ಯಾಮೆರಾ ಬರಲ್ಲ ಅಕ್ಕ, ಮಗೂಗೆ ಬೇಜಾರು ಕಳೆಯುತ್ತೆ' ಅಂದ. ಸೆರಗು ಹೊದ್ದು ಹೋಗಿ ಕೂತೆ."

ತುಂಗಮ್ಮ ಮುಂದುವರಿಸಿದರು. "ಸ್ಟುಡಿಯೋದವರು ಕೆಂಪು ಕರ್ಚೀಫ್ ಎತ್ತಿದಾಗ ಮಾತ್ರ ನಗಬೇಕು ಅಂತ ಆರ್ಡರ್. ಈ ಸೀನಲ್ಲಿ ಯಾರೂ ನಗಬಾರದು. ನೀನು ಆ ಮೀಸೆ ನೋಡಿ ಕಿಸಕ್ಕಂದೆ! ನಿನ್ನ ಬಾಯಿ ಮುಚ್ಚೋಕೆ ಕೈ ಎತ್ತಿದೆ... ಅಷ್ಟರಲ್ಲಿ ನನಗೇ..."

ತುಂಗಮ್ಮ ಪರದೆಯ ಕಡೆ ನೋಡಿದರು. "ನಿಮ್ಮಪ್ಪ ಹೋದ್ಮೇಲೆ ನಾನು ನಕ್ಕಿದ್ದು ಅದೇ ಮೊದಲನೇ ಸಲ."

"ಅವ್ರು ಬೈದ್ರಾ ಅಜ್ಜಿ?"

ಇಂಚರ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ!

"ಎಲ್ಲಿ ಬೈತಾರೆ! ಬರೆದಿದ್ದ ಪ್ರಕಾರ ಆತ ಸೋತು, ಅಳ್ತಾ ಸ್ಟೇಜ್ ಇಳಿದು ಹೋಗ್ಬೇಕಿತ್ತಂತೆ. ಆ ನಗು ಕೇಳಿ ನಿಂತುಬಿಟ್ರು. ಡೈರೆಕ್ಟರು ಹಾಗೇ ಇಟ್ಕೊಂಡ್ರು ಕಂದ."

"ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?" ಸುಗುಣ ಕೇಳಿದಳು.

"ವರ್ಷದೊಳಗೆ ನಕ್ಕವಳು ಅಂತ ಗೊತ್ತಾದ್ರೆ ನಮ್ಮತ್ತೆ ಸುಮ್ಮನೆ ಬಿಡ್ತಿದ್ರಾ? ಆಮೇಲೆ ಹೇಳೋಕೆ ಸಂಕೋಚ ಆಯ್ತು... ನಾನು ಹೀರೋನ ನೋಡೋಕೆ ಇದನ್ನ ಹಾಕಲ್ಲ ಕಣೇ. ಬದುಕು ಸಾಕು ಅನ್ನಿಸಿದಾಗೆಲ್ಲ ನಿನ್ನ ಆ ನಗು ಕೇಳೋಕೆ ಹಾಕ್ತೀನಿ. ಅವತ್ತು ನಿನ್ನ ಬಾಯಿ ಮುಚ್ಚಿದ್ದಿದ್ರೆ, ನನಗೆ ಕೇಳೋಕೆ ಏನಿರ್ತಿತ್ತು ಹೇಳು?"

ಸುಗುಣ ಮುಚ್ಚಿದ ಕಿಟಕಿಯ ಕಡೆ ನೋಡಿದಳು...

"ಅಜ್ಜಿ, ಅಮ್ಮ ನಗೋದು ಇನ್ನೊಂದ್ಸಲ ಹಾಕಿ" ಎಂದಳು ಇಂಚರ.

ಮತ್ತೆ ಆ ಮೌನ. ಮತ್ತೆ ಜೋತಾಡುವ ಮೀಸೆ. ಟಿವಿಯೊಳಗಿನ ಮಗು ನಕ್ಕಿತು... ಬಾಗಿಲಲ್ಲಿದ್ದ ಮಗುವೂ ನಕ್ಕಿತು. ಎರಡೂ ಒಂದೇ ನಗು!

"ಶ್ಶ್" ಎನ್ನಲು ರೂಢಿಯಂತೆ ಎದ್ದ ಸುಗುಣಳ ಬೆರಳು ತುಟಿಯವರೆಗೆ ಹೋಗಲಿಲ್ಲ. ಕಣ್ಣೊರೆಸಿತು.

ಕಳಿಸದೇ ಉಳಿದಿದ್ದ ಮೆಸೇಜನ್ನು ಅವಳು ಅಳಿಸಿದಳು. ಬೀರು ತೆರೆದು, ಇಷ್ಟು ದಿನ ಮುಟ್ಟಲೂ ಹೆದರಿದ್ದ ಗಿರಿಧರನ ಬಿಳಿ ಪಂಚೆಯನ್ನು ಹೊರತೆಗೆದು ಎದೆಗೊತ್ತಿಕೊಂಡಳು.

ಆಮೇಲೆ ನಿಧಾನವಾಗಿ ಟೈಪ್ ಮಾಡಿದಳು. "ಮಿಸ್, ಪಂಚೆ ಅವಳ ಅಪ್ಪನದ್ದೇ ಇದೆ. ಮೀಸೆ ನಾವೇ ತರಬೇಕೆ?"

"ಮೀಸೆ ಸ್ವಲ್ಪ ಸಡಿಲವಾಗೇ ಅಂಟಿಸೇ" ಎಂದರು ತುಂಗಮ್ಮ.

ಸುಗುಣ ನಕ್ಕುಬಿಟ್ಟಳು... ನಗುತ್ತಲೇ ಹೋಗಿ ಬೀದಿ ಕಡೆಯ ಕಿಟಕಿ ತೆರೆದಳು.

*

ದುಃಖದ ಮನೆಯಲ್ಲಿ ಮೊದಲು ನಗುವ ಮಗು ಹೋದವರನ್ನು ಮರೆತಿರುವುದಿಲ್ಲ... ಉಳಿದವರನ್ನು ಬದುಕಿಗೆ ಕರೆಯುತ್ತಿರುತ್ತದೆ.

ನಿಮ್ಮ ಮನೆಯಲ್ಲಿ ನೀವು "ಶ್ಶ್" ಎಂದು ಸುಮ್ಮನಾಗಿಸಿದ ನಗು ಯಾರದ್ದು?