ಮೂರನೆಯ ಆನೆ

ನಿನ್ನೆ ಅಕ್ಕನ ಜೊತೆ ಫೋನಿನಲ್ಲಿ ಆಡಿದ ಚೆಸ್ ಆಟವನ್ನು ತಂಗಿ ಮೊದಲಿನಿಂದ ಮತ್ತೆ ನೋಡುತ್ತಿದ್ದಳು. ಆಟ ಮುಗಿದ ಮೇಲೆ ಯಾವ ನಡೆ ಸರಿ, ಯಾವುದು ತಪ್ಪು ಎಂದು ಆ್ಯಪೇ ಗುರುತು ಹಾಕಿ ತೋರಿಸುತ್ತಿತ್ತು. ತಪ್ಪಿಗೆ ಕೆಂಪು. ಅವಳ ನಡೆಗಳ ಪಕ್ಕದಲ್ಲಿ ಅಲ್ಲಲ್ಲಿ ಕೆಂಪಿತ್ತು. ಅಕ್ಕನ ಕಡೆ ಒಂದೂ ಇರಲಿಲ್ಲ. ಅಂಗಿಗೆ ಹೊಲಿಯಬೇಕಿದ್ದ ಗುಂಡಿ ಅವಳ ಬೆರಳ ಸಂದಿಯಲ್ಲೇ ಉಳಿಯಿತು.

“ಅಮ್ಮಾ, ಇದು ಅಕ್ಕ ಆಡಿದ್ದಲ್ಲ.”

“ಮತ್ತೆ ನಾನು ಆಡಿದ್ನಾ?” ಅಮ್ಮ ತಲೆಯೆತ್ತದೆ ಮಗಳ ಬಟ್ಟೆಗಳನ್ನು ಬ್ಯಾಗಿಗೆ ತುರುಕುತ್ತಿದ್ದಳು.

“ರಾಣಿ ಇರೋವಾಗ್ಲೇ ಇನ್ನೊಂದು ರಾಣಿ ಮಾಡ್ಕೊಂಡಿದಾಳೆ ನೋಡು.”

“ಆಟ ಚೆನ್ನಾಗಿ ಕಲ್ತಿರ್ಬೇಕು ಬಿಡು. ಪಾಪ, ಮಾತಾಡೋ ಹಾಗಿಲ್ಲ, ಹೊರಗೆ ಹೋಗೋ ಹಾಗಿಲ್ಲ, ಇನ್ನೇನು ಮಾಡ್ತಾಳೆ? ನೀನು ಹೋದ್ರೆ ಅವಳಿಗೂ ಜೊತೆ ಆಗುತ್ತೆ. ಏಳು, ಭಾವ ಆಗ್ಲಿಂದ ಕಾಯ್ತಿದಾರೆ.”

ಅಕ್ಕನ ಗಂಟಲಿಗೆ ಏನೋ ಆಗಿದೆ, ಡಾಕ್ಟರು ಮಾತಾಡಬೇಡ ಎಂದಿದ್ದಾರೆ ಎಂದು ಭಾವ ಹೇಳಿ ಬಹಳ ದಿನಗಳಾಗಿದ್ದವು. ಅಂದಿನಿಂದ ಅಕ್ಕನ ಕಡೆಯಿಂದ ಬರುತ್ತಿದ್ದುದು ಮೆಸೇಜು ಮತ್ತು ಚೆಸ್, ಅಷ್ಟೇ. ಈಗ ಆರೈಕೆಗೆಂದು ತಂಗಿಯನ್ನು ಕರೆದೊಯ್ಯಲು ಭಾವನೇ ಕಾರು ತಂದಿದ್ದ.

ಇಬ್ಬರಿಗೂ ಆಟ ಕಲಿಸಿದವನು ತೀರಿಹೋದ ಅಪ್ಪ. ಮನೆಯಲ್ಲಿದ್ದದ್ದು ಒಂದೇ ಮರದ ಸೆಟ್ಟು, ಅದರಲ್ಲೂ ಕಳೆದುಹೋದ ಆನೆಯ ಜಾಗದಲ್ಲಿ ದಾರದ ಖಾಲಿ ರೀಲು. ಕಾಲಾಳು ಎದುರಾಳಿಯ ಕೊನೆಯ ಸಾಲು ಮುಟ್ಟಿದರೆ ಅದರ ಬದಲಿಗೆ ಸತ್ತು ಡಬ್ಬಿ ಸೇರಿದ ಕಾಯಿಯನ್ನು ಮಾತ್ರ ಎಬ್ಬಿಸಿಕೊಳ್ಳಬೇಕು ಎಂಬುದು ಅಪ್ಪನ ಕಾನೂನು. “ಬದುಕಿರೋ ರಾಣಿ ಕಣ್ಣೆದುರಿಗೇ ಇನ್ನೊಬ್ಬಳನ್ನ ತಂದು ಕೂರಿಸ್ತೀಯಾ?” ಎಂದು ರೇಗಿಸುತ್ತಿದ್ದ. ಅಂಥ ಕಾನೂನು ಲೋಕದಲ್ಲಿ ಬೇರೆಲ್ಲೂ ಇಲ್ಲವೆಂದು ಫೋನು ಬಂದ ಮೇಲೆ ಗೊತ್ತಾಯಿತು. ಆದರೂ ಅಕ್ಕತಂಗಿಯರು ಅದನ್ನು ಬಿಡಲಿಲ್ಲ. ರಾಣಿ ಬದುಕಿದ್ದರೆ ಅಕ್ಕ ಸತ್ತ ಕುದುರೆಯನ್ನೋ ಆನೆಯನ್ನೋ ಎಬ್ಬಿಸುತ್ತಿದ್ದಳು. ಆ್ಯಪು ತಪ್ಪದೆ ಕೆಂಪು ಗುರುತು ಹಾಕುತ್ತಿತ್ತು. “ಮೇಷ್ಟ್ರು ಬೈದ್ರು ಕಣೇ!” ಎಂದು ಫೋನಿನಲ್ಲಿ ನಗುತ್ತಿದ್ದಳು, ಗಂಟಲು ಚೆನ್ನಾಗಿದ್ದಾಗ.

ಅಮ್ಮ ಕಾಫಿ ಲೋಟ ಹಿಡಿದು ಭಾವ ಕೂತಿದ್ದ ಹಾಲಿಗೆ ಹೋದಳು. ಅವಳ ದನಿ ಗೋಡೆ ದಾಟಿ ಬಂತು.

“ಅಳಿಯಂದ್ರೇ, ನಿಮ್ಮ ನಾದಿನಿ ಹೊಸ ಪತ್ತೆ ಮಾಡಿದಾಳೆ ಕೇಳಿ! ಚೆಸ್ ಆಡ್ತಿರೋದು ಅವಳಕ್ಕ ಅಲ್ವಂತೆ.”

ಭಾವ ನಕ್ಕ. “ಹೌದಾ? ಅದ್ಹೇಗಂತೆ?”

“ಅಕ್ಕ ಆಗಿದ್ರೆ ಕಾಲಾಳನ್ನ ರಾಣಿ ಮಾಡ್ತಾನೇ ಇರ್ಲಿಲ್ವಂತೆ. ಅವರಪ್ಪ ಹಾಗೆ ಹೇಳ್ಕೊಟ್ಟಿದ್ರು.”

“ರಾಣಿ ಬಿಟ್ಟು ಇನ್ನೇನು ಮಾಡ್ತಿದ್ಲಂತೆ?”

“ಆನೆ ಗೀನೆ ಏನೋ. ನಂಗೆಲ್ಲಿ ಗೊತ್ತಾಗುತ್ತೆ, ನಂಗೆ ಬಟಾಣಿ ಬಿಡಿಸೋದು ಬಿಟ್ರೆ ಆಟನೇ ಬರಲ್ಲ.”

ಇಬ್ಬರೂ ನಕ್ಕರು. ತಂಗಿ ನಗಲಿಲ್ಲ. ಹಾಲಿಗೆ ಹೋಗಿ ಅಮ್ಮ ಹೇಳಿದ್ದನ್ನು ತಿದ್ದಲು ಅವಳಿಗೆ ನಾಲಗೆ ಏಳಲಿಲ್ಲ. ಭಾವನ ಎದುರು ಅವಳ ನಾಲಗೆ ಎಂದೂ ಎದ್ದದ್ದಿಲ್ಲ. “ಬಟ್ಟೆ ಬದಲಿಸ್ತೀನಮ್ಮಾ” ಎಂದಷ್ಟೇ ಕೂಗಿ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಫೋನಿನ ಸದ್ದು ಪೂರ್ತಿ ತೆಗೆದು, ಅಕ್ಕನನ್ನು ಇನ್ನೊಂದು ಆಟಕ್ಕೆ ಕರೆದಳು.

ಅಕ್ಕ ತಕ್ಷಣ ಒಪ್ಪಿಕೊಂಡಳು. ಹಾಲಿನಲ್ಲಿ ಟಿವಿಯ ಸದ್ದು ಕಡಿಮೆಯಾಯಿತು.

ತಂಗಿ ಗೆಲ್ಲಲು ಆಡಲಿಲ್ಲ. ರಾಣಿಯನ್ನು ರಾಣಿಗೆ ಎದುರು ತಂದಳು. ಅಕ್ಕ ಅವಳ ರಾಣಿಯನ್ನು ಹೊಡೆದಳು, ಅವಳು ಅಕ್ಕನ ರಾಣಿಯನ್ನು ಹೊಡೆದಳು. ಆಮೇಲೆ ಅಕ್ಕನ ಎರಡು ಆನೆಗಳ ತಂಟೆಗೆ ಹೋಗದೆ, ಅಂಚಿನಲ್ಲಿದ್ದ ಒಂದು ಕಾಲಾಳಿಗೆ ಸುಮ್ಮನೆ ದಾರಿ ಬಿಟ್ಟುಕೊಟ್ಟಳು. ಈಗ ಅಪ್ಪನ ಕಾನೂನಿನ ಪ್ರಕಾರವೂ ರಾಣಿಯನ್ನು ಎಬ್ಬಿಸಬಹುದು. ಸತ್ತು ಡಬ್ಬಿಯಲ್ಲಿ ಮಲಗಿದ್ದಾಳಲ್ಲ. ಅಕ್ಕನಾದರೆ ಎಬ್ಬಿಸಿಯೇ ಎಬ್ಬಿಸುತ್ತಾಳೆ.

‘ಎಬ್ಬಿಸಕ್ಕಾ’ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ‘ನಾನು ಅಂದುಕೊಂಡಿದ್ದೆಲ್ಲ ಸುಳ್ಳು ಮಾಡು. ಬ್ಯಾಗು ಹಿಡ್ಕೊಂಡು ಓಡಿ ಬರ್ತೀನಿ.’

ಕಾಲಾಳು ಕೊನೆಯ ಸಾಲು ಮುಟ್ಟಿತು. ಮುಟ್ಟಿ, ಯೋಚಿಸುವವರ ಹಾಗೆ ತುಸು ತಡೆಯಿತು. ಆಮೇಲೆ ಅದೇ ಮನೆಯಲ್ಲಿ ಒಂದು ಆನೆ ಎದ್ದು ನಿಂತಿತು.

ಅಕ್ಕನ ಕಡೆ ಒಂದು ಆನೆಯೂ ಸತ್ತಿರಲಿಲ್ಲ. ಅಪ್ಪನ ಡಬ್ಬಿಯಲ್ಲಿ ಎಷ್ಟು ತಡಕಾಡಿದರೂ ಸಿಗದ ಮೂರನೆಯ ಆನೆ ಅದು. ಅದರ ಪಕ್ಕದಲ್ಲಿ ಆ್ಯಪು ಖಂಡಿತ ಕೆಂಪು ಗುರುತು ಹಾಕಲಿದೆ ಎಂದು ಅವಳಿಗೆ ಗೊತ್ತಿತ್ತು. ಆಟದ ಕೆಳಗೆ ಮೆಸೇಜು ಬಂತು.

‘ನೋಡಿದ್ಯಾ? ನಮ್ಮನೆ ಆಟ ನಾನಿನ್ನೂ ಮರ್ತಿಲ್ಲ ಕಣೇ.’

ಅವಳು ಎದ್ದು, ಬಾಗಿಲು ಭದ್ರ ಮಾಡಲು ಚಿಲಕಕ್ಕೆ ಕೈ ಹಾಕಿದಳು. ತುಕ್ಕು ಹಿಡಿದ ಚಿಲಕ ಅರ್ಧಕ್ಕೆ ಬಂದು ನಿಂತಿತು. ಬಾಗಿಲ ಆಚೆ, ಮರಕ್ಕೆ ಬಾಯಿ ತಾಗುವಷ್ಟು ಹತ್ತಿರದಿಂದ, ಭಾವ ಮೆಲ್ಲಗೆ ಹೇಳಿದ:

“ಆಟ ಮುಗೀತಲ್ಲ, ಬಾ. ಅಲ್ಲಿ ನಿಮ್ಮಕ್ಕ ಒಬ್ಳೇ ಇದಾಳೆ.”